ಕೊನೆಯ ಪುಟದ ಹುಡುಕಾಟ

ಕೇಳಿದವರಿಗೆ ಜಾಲತಾಣದ ಪುಟಗಳನ್ನು ಕೊಡುವ ವೆಬ್ ಸರ್ವರೊಂದಕ್ಕೆ ಕಾವಲುಗಾರನಾಗಿ ಒಂದು ಪ್ರೋಗ್ರಾಂ ಇತ್ತು. ಒಮ್ಮೆ ಒಳಗೆ ಓಡುತ್ತಿದ್ದ ಕೆಲಸಗಳಲ್ಲಿ ಒಂದು, ಒಂದೇ ಒಂದು ಪ್ರಾಸೆಸ್, ಯಂತ್ರದ ಇಡೀ ಪ್ರೊಸೆಸರನ್ನು ನುಂಗಿ ಕೂತಿತು; ಬಂದ ಕೋರಿಕೆಗಳೆಲ್ಲ ಬಾಗಿಲಲ್ಲೇ ನಿಂತವು.

“ಏನು ಮಾಡುತ್ತಿದ್ದೀಯಪ್ಪಾ?” ಎಂದ ಕಾವಲುಗಾರ.

“ಒಬ್ಬರು ಕೊನೆಯ ಪುಟ ಕೇಳಿದರು. ಹುಡುಕುತ್ತಿದ್ದೇನೆ.”

“ಕೇಳಿದವರು ಎಂದೋ ಹೊರಟುಹೋದರಲ್ಲ.”

“ಹಾಗಾದರೆ ಬೇಗ ಹುಡುಕಬೇಕು.”

ಕಾವಲುಗಾರ ಅದನ್ನು ಕೊಂದ. ಮರುಕ್ಷಣವೇ ಪಕ್ಕದ ಪ್ರಾಸೆಸ್ ಅದೇ ದನಿಯಲ್ಲಿ, “ಬೇಗ ಹುಡುಕಬೇಕು,” ಎನ್ನುತ್ತ ಓಡತೊಡಗಿತು.

ತಪ್ಪು ಓಡುವವರದಲ್ಲ, ದಾರಿಯದು ಎಂದು ಅವನಿಗೆ ಹೊಳೆಯಿತು. ದಾರಿ ನೋಡಲು ತಾನೇ ಪುಟದಿಂದ ಪುಟಕ್ಕೆ ನಡೆದ. ಪ್ರತಿ ಪುಟವೂ, “ಕೊನೆಯದು ಮುಂದಿದೆ,” ಎಂದಿತು. ಕಡೆಗೊಂದು ಪುಟ ಮೆಲ್ಲಗೆ, “ಮತ್ತೆ ಬಂದೆಯಾ? ಕೊನೆಯದು ಮುಂದಿದೆ,” ಎಂದಿತು.

ತಾನು ಸುತ್ತುತ್ತಿರುವುದು ಕಾವಲುಗಾರನಿಗೆ ತಿಳಿಯಿತು. ಆದರೂ ಕಾಲು ನಿಲ್ಲಲಿಲ್ಲ. ಅವನನ್ನು ಕೊಲ್ಲುವುದಕ್ಕೆ ಇನ್ನೊಬ್ಬ ಕಾವಲುಗಾರ ಅಲ್ಲಿರಲಿಲ್ಲ.