ಅಡವಯ್ಯ ಅಜ್ಜನವರು ಮರಳಿನಲ್ಲಿ ಹೆಜ್ಜೆ ಇಟ್ಟದ್ದು

ಶ್ರೀ ಅಡವಯ್ಯ ಅಜ್ಜನವರ ಸಂಗಡ ಮರುಭೂಮಿ ಕಂಡು ಬಂದ ಸೇವಕರು ನಾಲ್ವರು. ಅವರಲ್ಲಿ ಮೂವರು ಲಿಂಗೈಕ್ಯರಾಗಿ ಬಹಳ ವರ್ಷಗಳಾದವು. ಉಳಿದವನು ಯಮನೂರಪ್ಪ ಒಬ್ಬನೇ, ಆದ್ದರಿಂದ ಅವನು ಹೇಳಿದ್ದೇ ಖರೆ. ಸುಡುವ ಮರಳಿನಲ್ಲಿ ಹನ್ನೊಂದು ದಿನ ಬರಿಗಾಲಲ್ಲಿ ನಡೆದರೂ ಒಂದು ಬೊಬ್ಬೆ ಏಳಲಿಲ್ಲವೆಂದು, ಮಠದ ಕಟ್ಟೆಯ ಮೇಲೆ ಕೂತು ಇಂದಿಗೂ ಅಂಗಾಲು ಎತ್ತಿ ತೋರಿಸುತ್ತಾನೆ. ಆ ಸೀಮೆಯ ಭಾಷೆಯನ್ನು ಮೂರೇ ದಿನದಲ್ಲಿ ಕಲಿತನಂತೆ, ಅದೂ ಒಂಟೆಯ ಬಾಯಿಂದ. "ಒಂಟಿ ಮನಷ್ಯಾರಕಿಂತ ನಿಧಾನ ಮಾತಾಡತೈತಿ, ಲಗೂನ ತಿಳೀತೈತಿ," ಎನ್ನುತ್ತಾನೆ.

ಅಜ್ಜನವರು ಲೋಕಸಂಚಾರ ಮಾಡುತ್ತ ಆ ಊರಿಗೆ ದಯಮಾಡಿಸಿದಾಗ ಹೊತ್ತು ಮೂರು ಮಾರು ಇಳಿದಿತ್ತು. ಊರೆಂದರೆ ಏನು? ಹನ್ನೆರಡು ಗುಂಡನೆಯ ಗುಡಿಸಲು, ನಾಲ್ಕು ಒಂಟೆ, ಒಂದು ಬನ್ನಿಯ ಮರ. ಮಳೆನೀರು ಕೂಡಿಡಲು ನೆಲದೊಳಗೆ ಒಂದು ತೊಟ್ಟಿ, ಅದಕ್ಕೊಂದು ಮುಚ್ಚಳ. ಅದು ಬಿಟ್ಟರೆ ಸುತ್ತಲೂ ಎರಡು ದಿನದ ನಡಿಗೆಯವರೆಗೆ ಹನಿ ನೀರಿಲ್ಲ. ಅಜ್ಜನವರು ಬನ್ನಿಯ ಬುಡದಲ್ಲಿ ಕಂಬಳಿ ಹಾಸಿ ಕುಳಿತರು. ಸೇವಕರ ತೊಗಲಿನ ಚೀಲದಲ್ಲಿ ಮುಂಜಾನೆಯೇ ನೀರು ತೀರಿತ್ತು. ಊರಿನ ಒಡೆಯರಾದ ಠಾಕೂರರು ತಾವೇ ತಂಬಿಗೆ ನೀರು ತಂದು ಅಜ್ಜನವರ ಮುಂದಿಟ್ಟು ಕೈಮುಗಿದರು.

ಅಜ್ಜನವರ ಕೈ ತಂಬಿಗೆಗೆ ಹೋಗಲಿಲ್ಲ. ಅವರ ದೃಷ್ಟಿ ತೊಟ್ಟಿಯ ಕಡೆಗಿತ್ತು. ಅಲ್ಲಿ ಜನ ನೆರೆದಿದ್ದರು. ನಡುವೆ ಮರಳಿನ ಮೇಲೆ ಒಂದು ಮಣ್ಣಿನ ಬೋಗುಣಿ ಬೋರಲು ಬಿದ್ದಿತ್ತು. ದೂರದಲ್ಲಿ ಒಬ್ಬ ಹೆಣ್ಣುಮಗಳು ತಲೆಯ ಮೇಲೆ ಗಂಟು ಹೊತ್ತು ನಿಂತಿದ್ದಳು. ಪಕ್ಕದ ಹೊರಸಿನ ಮೇಲೆ ಅವಳ ಅತ್ತೆ ಜ್ವರದಲ್ಲಿ ನರಳುತ್ತಿದ್ದಳು.

"ಏನಿದು?" ಎಂದು ಅಜ್ಜನವರು ಕೇಳಿದರು.

ಹೇಳಿದವನು ಖಂಗಾರ. ಮರಳಿನ ಮೇಲಿನ ಹೆಜ್ಜೆ ನೋಡಿ ಕಳ್ಳನನ್ನು, ಕಳೆದ ಒಂಟೆಯನ್ನು ಹಿಡಿದುಕೊಡುವುದು ಅವನ ಕಸುಬು. ಆ ಹೆಣ್ಣುಮಗಳ ಹೆಸರು ಜೇಠಿ. ಅವಳ ಕುಲದವರು ತೊಟ್ಟಿ ಮುಟ್ಟುವಂತಿಲ್ಲ, ಮೇಲಿನವರು ಎತ್ತಿ ಸುರಿದರೆ ಮಾತ್ರ ನೀರು. ಅಂದು ಮುಂಜಾನೆಯಿಂದ ಕೊಡ ಹಿಡಿದು ನಿಂತರೂ ಯಾರೂ ಸುರಿಯಲಿಲ್ಲ. ಅತ್ತೆಯ ಮೈ ಕೆಂಡವಾಗಿತ್ತು. ಮಧ್ಯಾಹ್ನ ಊರು ಮಲಗಿದಾಗ ಜೇಠಿ ತಾನೇ ಮುಚ್ಚಳ ಸರಿಸಿ ಒಂದು ಕೊಡ ತುಂಬಿಕೊಂಡಳು. ಖಂಗಾರ ಹೆಜ್ಜೆ ಗುರುತಿಸಿ, ಗಾಳಿಗೆ ಅಳಿಯದಂತೆ ಬೋಗುಣಿ ಮುಚ್ಚಿಟ್ಟ. ಹೊತ್ತು ಮುಳುಗುವುದರೊಳಗೆ ಸೊಸೆ ಅತ್ತೆ ಇಬ್ಬರೂ ಊರು ಬಿಡಬೇಕೆಂದು ಠಾಕೂರರು ಹೇಳಿಯಾಗಿತ್ತು. ಆ ಜ್ವರದ ಮುದುಕಿಯನ್ನು ಕರೆದುಕೊಂಡು ಎರಡು ದಿನ ಮರಳು ತುಳಿಯುವುದೆಂದರೆ ಸಾಯಲು ಹೊರಟಂತೆಯೇ.

"ನೀವು ನೀರು ಕುಡೀರಿ ಮಹಾರಾಜ್, ಇದು ನಮ್ಮ ಊರ ಮಾತು," ಎಂದರು ಠಾಕೂರರು.

"ಆಕೆ ಕುಡಿದ ಮೇಲೆ," ಎಂದರು ಅಜ್ಜನವರು, ತಂಬಿಗೆಯನ್ನು ಅತ್ತ ಸರಿಸಿ.

ಯಮನೂರಪ್ಪನ ನಾಲಿಗೆ ಅಂಗುಳಕ್ಕೆ ಅಂಟಿತ್ತು. ಅವನೊಬ್ಬನೇ ಆಗಿದ್ದರೆ ಏಳು ದಿನ ನೀರಿಲ್ಲದೆ ಇರುತ್ತಿದ್ದ, ಆ ಮಾತು ಬೇರೆ. ಉಳಿದ ಮೂವರ ಸಲುವಾಗಿ, "ಅಪ್ಪಾರ, ಒಂದ ಗುಟುಕರೆ..." ಎಂದ. ಅಜ್ಜನವರು ತಿರುಗಿ ಕೂಡ ನೋಡಲಿಲ್ಲ.

ಖಂಗಾರ ನಕ್ಕ. "ಸಾಧುಗೋಳು ದೇಶ ತಿರಗತಾರ, ಮರಳು ಓದಾಕ ಬರೂದಿಲ್ಲ. ಮೂವತ್ತ ಊರಾಗ ನನ್ನ ಮಾತ ಸಾಕ್ಷಿ. ಕಂಡದ್ದ ಹೇಳತೀನಿ, ಕಾಣದ್ದು ಹೇಳೂದಿಲ್ಲ. ಬಲಗಾಲಿನ ಕಿರುಬೆರಳು ಒಳಗ ಮಡಚೇತಿ. ಜೇಠಿ ಹೆಜ್ಜಿ, ಬ್ಯಾರೆ ಯಾರದೂ ಅಲ್ಲ."

ಅಜ್ಜನವರು ಎದ್ದರು. ಪಾದುಕೆಗಳನ್ನು ಬಿಟ್ಟು ನೆಟ್ಟಗೆ ತೊಟ್ಟಿಯ ಬಳಿಗೆ ನಡೆದು ಬೋಗುಣಿ ಎತ್ತಿದರು. ಜನ ಹೋ ಎಂದು ಕೂಗಿತು. ಆ ಹೆಜ್ಜೆಯ ಮೇಲೆ ಅಜ್ಜನವರು ತಮ್ಮ ಬಲಪಾದವನ್ನು ಊರಿದರು. ಮುಂದಿನ ಹೆಜ್ಜೆಯ ಮೇಲೆ ಎಡಪಾದ. ಹೀಗೆ ತೊಟ್ಟಿಯಿಂದ ಜೇಠಿಯ ಗುಡಿಸಲಿನವರೆಗೆ, ಒಂದನ್ನೂ ಬಿಡದೆ, ಅವಳ ಪ್ರತಿಯೊಂದು ಹೆಜ್ಜೆಯನ್ನೂ ತುಳಿಯುತ್ತ ಹೋಗಿ ಬಂದರು.

"ಈಗ ಓದು," ಎಂದರು.

ಠಾಕೂರರ ಮೀಸೆ ನಡುಗಿತು. "ಸಾಕ್ಷಿ ಕೆಡಿಸಿದ್ರಿ! ಕಾವಿ ಉಟ್ಟೀರಿ ಅಂತ ಸುಮ್ಮನದೀನಿ."

"ಇಲ್ಲಿ ಯಾರ ಹೆಜ್ಜೆ ಇದೆಯೋ ಅವರನ್ನು ಊರು ಬಿಡಿಸು," ಎಂದರು ಅಜ್ಜನವರು.

ಖಂಗಾರ ಮೊಣಕಾಲೂರಿ ಕೂತ. ಹೆಜ್ಜೆ ತುಳಿಯುವುದೆಂದರೆ ಅವನ ಕಸುಬಿನಲ್ಲಿ ಮಹಾಪಾಪ. ಅಡ್ಡ ಬಂದ ಸ್ವಂತ ತಮ್ಮನನ್ನೇ ಹೊಡೆದವನು ಅವನು. ಬೈಯಲು ಬಾಯಿ ತೆರೆದವನ ಕಣ್ಣು ಮರಳಿನ ಮೇಲೆ ನಿಂತಿತು. ಅಜ್ಜನವರ ಹಿಮ್ಮಡಿ ಒಡೆದು ಮರಳಿಗೆ ರಕ್ತ ಹತ್ತಿತ್ತು.

"ಯಾಕೋ ಖಂಗಾರ, ಹೇಳಲ್ಲ?" ಎಂದು ಠಾಕೂರರು ಗದರಿದರು.

"ಸ್ವಾಮಿಗಳ ಹೆಜ್ಜಿ ಐತ್ರಿ. ಮತ್ತ್ಯಾರದೂ ಕಾಣವಲ್ದು."

"ಮಧ್ಯಾಹ್ನ ಕಂಡದ್ದು?"

"ಕಂಡದ್ದ ಹೇಳತೀನಿ ಅಂದೆನಲ್ರೀ. ಈಗ ಕಾಣೂದು ಇದ. ಸ್ವಾಮಿಗಳನ್ನ ಹೊರಗ ಹಾಕತೀರೇನು? ಹಾಕೂದಿದ್ರ ನನ್ನೂ ಹಾಕ್ರಿ."

ಅಷ್ಟು ಹೇಳಿ ಖಂಗಾರ ಎದ್ದು ತೊಟ್ಟಿಯ ಮುಚ್ಚಳ ತೆಗೆದ. ಸುರಿಯಲಿಲ್ಲ. ಪಕ್ಕಕ್ಕೆ ಸರಿದು ನಿಂತು, "ಬಾ ತಂಗಿ, ನೀನ ತುಂಬ್ಕೋ," ಎಂದ. ಜೇಠಿ ತಲೆಯ ಮೇಲಿನ ಗಂಟು ಇಳಿಸಿದಳು. ಎಲ್ಲರ ಕಣ್ಣೆದುರಿಗೆ ಕೊಡ ಮುಳುಗಿಸಿದಳು. ಮೊದಲು ಅತ್ತೆ ಕುಡಿದಳು, ಆಮೇಲೆ ತಾನು. ಆಮೇಲೆ ಅಜ್ಜನವರು ಅವಳ ಮುಂದೆ ಬೊಗಸೆ ಒಡ್ಡಿದರು. ಅವರ ಹಿಂದೆ ಬೊಗಸೆ ಒಡ್ಡಿ ನಿಂತವನು ಖಂಗಾರ. ಠಾಕೂರರು ಮುಖ ತಿರುಗಿಸಿ ಹೊರಟುಹೋದರು. ಊರು ಬಿಡು ಎಂಬ ಮಾತು ಮತ್ತೆ ಅವರ ಬಾಯಿಂದ ಬರಲಿಲ್ಲ. ಖಂಗಾರ ಬದುಕಿರುವವರೆಗೆ ನೀರಿಗೆ ಬಂದವರ ಹೆಜ್ಜೆ ಓದಲಿಲ್ಲ.

"ಕಡೀಕ ನಾ ಕುಡದೆ ನೋಡ್ರಿ, ತೊಟ್ಟ್ಯಾಗಿನ ನೀರು ಒಂದ ಗೇಣು ಇಳೀತು!" ಎಂದು ಯಮನೂರಪ್ಪ ಮೊನ್ನೆಯೂ ಮುಗಿಸಿದ. ಕಟ್ಟೆಯ ಅಂಚಿನಲ್ಲಿ ಪುಂಡಿಪಲ್ಲೆ ಸೋಸುತ್ತಿದ್ದ ತಿಪ್ಪವ್ವ ತಲೆ ಎತ್ತಿದಳು.

"ಅಲ್ಲೋ ಯಮನೂರಣ್ಣಾ, ಅಜ್ಜಾರು ಆ ಸೀಮಿಗೆ ಹೋದ ಬ್ಯಾಸಗ್ಯಾಗ ನನ್ನ ಮದುವಿ. ಆ ಮದುವ್ಯಾಗ ಡೊಳ್ಳು ಬಾರಿಸಿ, ಹೋಳಗಿ ತಿಂದು ಹೊಟ್ಟಿ ಹಿಡಕೊಂಡು ಬಿದ್ದಾಂವ ಯಾರು?"

ಕಟ್ಟೆಯ ಮೇಲಿನವರೆಲ್ಲ ಯಮನೂರಪ್ಪನ ಮುಖ ನೋಡಿದರು.

"ಆ ಹೆಣ್ಣಮಗಳು ನೀರು ಕುಡದಳೋ ಇಲ್ಲೋ?" ಎಂದ ಅವನು.

"ಕುಡದಳು. ನನ್ನ ಮದುವಿ ಬಿಟ್ಟು ಅಜ್ಜಾರ ಸಂಗಾಟ ಹೋಗಿದ್ದ ನಮ್ಮ ಸೋದರಮಾವ ಹೇಳತಿದ್ದ, ಕಣ್ಣಾಗ ನೀರು ತಕ್ಕೊಂಡು."

"ಮತ್ತೇನು?" ಎಂದು ಯಮನೂರಪ್ಪ ಹೆಗಲು ಹಾರಿಸಿದ.