ಸೊಂಟಕ್ಕೆ ಕಟ್ಟಿದ ಸೋರೆಬುರುಡೆ

"ಬುದ್ಧಿ, ಏನೂ ತಿಳಿಯದ ಮಕ್ಕಳಿಗೆ ಯಾವುದು ಸುಲಭ ಎಂದು ಆರಿಸುವುದು ಹೇಗೆ?"

ಗುರುಗಳನ್ನು ಹೀಗೆ ಕೇಳಿದವನು ಶಿಷ್ಯ ವೀರಬಸಪ್ಪ, ಹೈಸ್ಕೂಲು ಮೇಷ್ಟ್ರು. ಕಂಪ್ಯೂಟರಿನಲ್ಲಿ ಹತ್ತು ವರ್ಷ ಪಳಗಿದವನು. ಅವನ ಶಾಲೆಗೆ ಹೊಸದಾಗಿ ಲ್ಯಾಬ್ ಬಂದಿತ್ತು. ಮಕ್ಕಳಿಗೆ ಪ್ರೋಗ್ರಾಮಿಂಗ್ ಕಲಿಸಲು ಯಾವುದಾದರೂ ಒಂದು ಸಾಫ್ಟ್‌ವೇರ್ ಹಾಕಿಸಬೇಕಿತ್ತು. ಹಿಂದಿನ ಶಾಲೆಯಲ್ಲಿ ಮೊದಲ ವಾರವೇ ಹೆದರಿದ ಮಕ್ಕಳು ಮತ್ತೆ ಲ್ಯಾಬಿನ ಬಾಗಿಲು ತುಳಿದಿರಲಿಲ್ಲ. ಆ ಸಂಕಟ ಅವನಲ್ಲಿ ಇನ್ನೂ ಆರಿರಲಿಲ್ಲ. ಈ ಸಲ ನಾಲ್ಕು ಸಾಫ್ಟ್‌ವೇರುಗಳನ್ನು ತಾನೇ ಕೂತು ನಡೆಸಿ ನೋಡಿದ್ದ. ಅವುಗಳಲ್ಲಿ ಒಂದು ಅರ್ಧ ಗಂಟೆಯಲ್ಲಿ ಕೈಹತ್ತಿತ್ತು. ಅದೇ ಆಗಲಿ ಎಂದು ಗುರುಗಳಿಂದ ಹೇಳಿಸಿಕೊಂಡು ಹೋಗಲು ಬಂದಿದ್ದ; ಇದನ್ನೆಲ್ಲ ಅವರಿಗೆ ಹೇಳಿಯೂ ಆಗಿತ್ತು.

ಗುರುಗಳು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಎಲೆಗೆ ಸುಣ್ಣ ಸವರುತ್ತ ಕತೆ ತೆಗೆದರು.

ಒಬ್ಬ ಈಜುಗಾರನಿದ್ದ. ಎಂಥ ಈಜುಗಾರ ಅಂತೀಯ? ಕೆರೆಯ ನಡುವೆ ಅಂಗಾತ ಮಲಗಿ ಎಲೆಯಡಿಕೆ ಹಾಕಿಕೊಂಡರೆ ಸುಣ್ಣದ ಡಬ್ಬಿಗೂ ನೀರು ತಾಕುತ್ತಿರಲಿಲ್ಲ. ಎದುರಿಗೆ ಮೊಸಳೆ ಬಂದರೆ ಮೊಸಳೆಯೇ ದಾರಿ ಬಿಡಬೇಕು. ನಾನೇ ಕಣ್ಣಾರೆ ಕಂಡಿದ್ದೇನೆ. ಅವನಿಗೆ ಒಬ್ಬಳೇ ಮಗಳು. ಅವಳಿಗೆ ಈಜು ಕಲಿಸುವ ದಿನ ಬಂತು.

ಕಲಿಯುವ ಮಕ್ಕಳ ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ ಬಾವಿಗಿಳಿಸುವುದು ನಮ್ಮ ಕಡೆಯ ರೂಢಿ. ಬುರುಡೆ ಹಗುರ, ಮಗುವನ್ನು ತೇಲಿಸುತ್ತದೆ. ಈಜುಗಾರ ಏಳು ಊರು ತಿರುಗಿ ಹಂಡೆಯಷ್ಟು ದೊಡ್ಡ ಬುರುಡೆ ತಂದ. ಮಗಳ ಜೀವದ ಮಾತು, ನೋಡದೆ ಕಟ್ಟಲಾದೀತೆ? ಮೊದಲು ತಾನೇ ಕಟ್ಟಿಕೊಂಡು ಕೆರೆಗೆ ಬಿದ್ದ. ಬೆನ್ನ ಮೇಲಿದ್ದರೆ ಕೈ ಬೀಸಲು ಅಡ್ಡ ಬಂತು. ಸೊಂಟಕ್ಕೆ ಇಳಿಸಿಕೊಂಡ. ಹಾಯೆನಿಸಿತು. ಏಳು ಸುತ್ತು ಹಾಕಿದ. ಏಳನೆಯ ಸುತ್ತಿನಲ್ಲಿ ಒಂದು ನಿದ್ದೆಯನ್ನೂ ತೆಗೆದ.

ದಡದಲ್ಲಿದ್ದ ಹೆಂಡತಿ, "ನಿನಗೆ ಬುರುಡೆ ಕಟ್ಟಿದರೂ ಒಂದೇ, ಬೀಸುವ ಕಲ್ಲು ಕಟ್ಟಿದರೂ ಒಂದೇ" ಎಂದು ಮೂದಲಿಸಿದಳು.

"ನೀರಿನ ವಿಷಯ ನನಗೆ ಹೇಳಿಕೊಡಬೇಡ, ಸುಮ್ಮನಿರೇ" ಎಂದ.

ಅದೇ ಬುರುಡೆ, ಅದೇ ಗಂಟು. ಮಗಳ ಸೊಂಟಕ್ಕೆ ಬಿಗಿದು ಬಾವಿಗಿಳಿಸಿದ. ಬುರುಡೆ ತೇಲಿತು. ಸೊಂಟವೂ ತೇಲಿತು. ತಲೆ ಮುಳುಗಿತು. ನೀರಿನ ಮೇಲೆ ಎರಡು ಪುಟ್ಟ ಪಾದಗಳು ಮಾತ್ರ ಒದೆಯುತ್ತಿದ್ದವು.

ಗುರುಗಳು ಅಲ್ಲಿಗೇ ನಿಲ್ಲಿಸಿ ಎಲೆ ಮಡಿಸತೊಡಗಿದರು. ಮಗು ಉಳಿಯಿತೇ ಎಂದು ವೀರಬಸಪ್ಪ ಕೇಳಿದ.

ಈಜುಗಾರ ಹಾರಿ ಎತ್ತಿದನಂತೆ. ಮಗು ಉಳಿಯಿತಂತೆ. ಆದರೆ ಆ ಹುಡುಗಿ ಮುದುಕಿಯಾಗುವವರೆಗೂ ಬಿಂದಿಗೆಯ ನೀರಿಗೆ ಸಹ ಮುಖ ಬಗ್ಗಿಸಲಿಲ್ಲವಂತೆ.

ವೀರಬಸಪ್ಪ ತಡೆಯಲಾರದೆ ಹೇಳಿದ: "ಅವನೇನು ನೋಡದೆ ಕಟ್ಟಲಿಲ್ಲವಲ್ಲ, ಬುದ್ಧಿ. ತಾನೇ ಏಳು ಸುತ್ತು ಹಾಕಿದ್ದ."

ಗುರುಗಳು ಎಲೆಯನ್ನು ದವಡೆಗೆ ಸೇರಿಸಿದರು.

"ಆ ಅರ್ಧ ಗಂಟೆ ನಿನ್ನನ್ನು ತೇಲಿಸಿದ್ದು ನಿನ್ನ ಸಾಫ್ಟ್‌ವೇರೋ, ನಿನಗೆ ಮೊದಲೇ ಬರುತ್ತಿದ್ದ ಈಜೋ, ಮೇಷ್ಟ್ರೇ?"