ಹೊಳೆಯಲ್ಲಿ ಹಾಸಿದ ಶಿಲುಬೆ

ಐರ್ಲೆಂಡಿನ ಪಡುಗಡಲ ತೀರದಲ್ಲಿ, ಹುಲ್ಲು ಹೊದಿಸಿದ ಸಣ್ಣ ಮಠವೊಂದರಲ್ಲಿ ಸಂತ ಕೆಲ್ಲಾನರು ವಾಸವಾಗಿದ್ದರು. ಊರಿಗೂ ಮಠಕ್ಕೂ ನಡುವೆ ಒಂದು ಹೊಳೆ. ಕಾಯಿಲೆಯವರು ಅದನ್ನು ದಾಟಿಯೇ ಸಂತರ ಬಳಿಗೆ ಮದ್ದಿಗೆ ಬರಬೇಕಿತ್ತು.

ಒಂದು ಮುಂಜಾನೆ ಕಲ್ಲುಕುಟಿಗ ತುವಾಲನು ಎತ್ತಿನ ಗಾಡಿ ಹೊಡೆದುಕೊಂಡು ಮಠಕ್ಕೆ ಬಂದನು. ಮಠದ ಅಂಗಳದಲ್ಲಿದ್ದ ಕಲ್ಲಿನ ಶಿಲುಬೆಯನ್ನು ಕೆತ್ತಿದವರು ಅವನ ತಂದೆ. ಒಂದರ ಮೇಲೆ ಹಾದು, ಇನ್ನೊಂದರ ಕೆಳಗೆ ನುಸುಳುವ ಎಳೆಗಳ ಹೆಣಿಗೆಯ ಕೆತ್ತನೆ ಅದರ ಮೈತುಂಬ ಇತ್ತು. ಹಿಂದೊಮ್ಮೆ ಕಡಲ್ಗಳ್ಳರು ಅದನ್ನು ಕೆಡವಿ ಒಡೆದಿದ್ದರು. ಆ ಕೊರಗಿನಲ್ಲೇ ತಂದೆ ತೀರಿಕೊಂಡಿದ್ದರು. ಉಳಿದ ತುಂಡುಗಳನ್ನು ಒಯ್ದು, ಮಳೆ ಗಾಳಿ ತಾಗದಂತೆ ಬೇರೊಂದು ದೇವಾಲಯದ ಒಳಗೋಡೆಗೆ ಸೇರಿಸಬೇಕೆಂದು ತುವಾಲನು ಬಂದಿದ್ದನು.

ಅಂಗಳದಲ್ಲಿ ತುಂಡುಗಳಿರಲಿಲ್ಲ. ಸಂತರನ್ನು ಹುಡುಕುತ್ತ ದಡಕ್ಕೆ ಹೋದರೆ, ಅವರು ಮೊಣಕಾಲುದ್ದ ನೀರಿನಲ್ಲಿ ನಿಂತು ಒಂದು ತುಂಡನ್ನು ಅಲುಗಾಡದಂತೆ ಕೂರಿಸುತ್ತಿದ್ದರು. ಉಳಿದವು ಆಗಲೇ ಹೊಳೆ ದಾಟುವ ಕಲ್ಲುಗಳಾಗಿದ್ದವು. ಕೆತ್ತನೆಯ ಮುಖ ಮೇಲಿತ್ತು. ಅದರ ಮೇಲೆ ಕೆಸರಿನ ಹೆಜ್ಜೆಗಳಿದ್ದವು.

"ಸ್ವಾಮಿ, ಇದು ಶಿಲುಬೆ," ಎಂದನು ತುವಾಲ. "ಜನ ಕಾಲೊರೆಸಲಿ ಅಂತಲಾ ಅಪ್ಪ ಕೆತ್ತಿದ್ದು?"

ಸಂತರು ವಾದಿಸಲಿಲ್ಲ. "ಒಯ್ಯು ಮಗನೇ, ಅವು ನಿನ್ನವೇ. ಆಚೆ ದಡದಲ್ಲಿ ಗೋರ್ಮಲಾ ಅಜ್ಜಿ ಕಾದಿದ್ದಾಳೆ. ಮೊದಲು ಅವಳನ್ನು ದಾಟಿಸಿಬಿಡು."

ಶಿಲುಬೆಯನ್ನು ತುಳಿಯಲು ಮನಸ್ಸಾಗದೆ ತುವಾಲನು ನೀರಿನಲ್ಲೇ ನಡೆದು ಆಚೆಗೆ ಹೋದನು. ಕಾಲು ಬಾತಿದ್ದ ಅಜ್ಜಿಯನ್ನು ಬೆನ್ನಿಗೇರಿಸಿಕೊಂಡು ಹಾಗೆಯೇ ನೀರಿನಲ್ಲಿ ಹಿಂತಿರುಗಿದನು. ನಡುಹೊಳೆಯಲ್ಲಿ ಪಾಚಿಗಟ್ಟಿದ ಬಂಡೆಯ ಮೇಲೆ ಅವನ ಪಾದ ಜಾರಿತು.

"ಏನಪ್ಪಾ, ಮದ್ದಿಗೆ ಬಂದವಳಿಗೆ ಸ್ನಾನವನ್ನೂ ಮಾಡಿಸ್ತೀಯಾ?" ಎಂದಳು ಅಜ್ಜಿ. ಮಾತು ಹಗುರವಾಗಿದ್ದರೂ ಅವನ ಕೊರಳನ್ನು ಇನ್ನಷ್ಟು ಬಿಗಿಯಾಗಿ ತಬ್ಬಿಕೊಂಡಳು. "ಹೋದ ಚಳಿಗಾಲದಲ್ಲಿ ನನ್ನ ಮಗ ಇಲ್ಲೇ ಜಾರಿ ಮುಳುಗಿದ. ಆಗ ಈ ಕಲ್ಲುಗಳಿರಲಿಲ್ಲ. ಇವುಗಳ ಮೇಲೇ ಕಾಲಿಡಪ್ಪ."

ಸೆಳವು ಜೋರಾಗಿತ್ತು. ತುವಾಲನು ಕಣ್ಣು ಮುಚ್ಚಿ ತಂದೆಯ ಕೆತ್ತನೆಯ ಮೇಲೆ ಬರಿಗಾಲಿಟ್ಟನು. ಎಳೆಗಳ ಅಂಚು ಅಂಗಾಲನ್ನು ಬಿಗಿಯಾಗಿ ಹಿಡಿಯಿತು. ಅಲ್ಲಿಂದ ದಡದವರೆಗೂ ಕಾಲು ಜಾರಲಿಲ್ಲ.

ಅಜ್ಜಿಯನ್ನು ಇಳಿಸಿದಾಗ ಸಂತರು ಮೆಲ್ಲನೆ ನುಡಿದರು: "ಶಿಲುಬೆ ಹೊರಬೇಕೆಂದು ನಾವು ಬೋಧಿಸುತ್ತೇವೆ. ನಿನ್ನ ತಂದೆಯ ಶಿಲುಬೆ ನಮ್ಮನ್ನೇ ಹೊರುತ್ತಿದೆ."

ತುವಾಲನು ಮತ್ತೆ ಹೊಳೆಯತ್ತ ತಿರುಗಿದನು. ಸಂತರು ಆಗಷ್ಟೇ ಕೂರಿಸಿದ ತುಂಡನ್ನು ಬಗ್ಗಿ ಸವರಿದನು. ಕಡಲ್ಗಳ್ಳರ ಏಟಿಗೆ ಅದರ ಅರ್ಧ ಮೈಯ ಕೆತ್ತನೆ ಹಾರಿಹೋಗಿತ್ತು.

"ಸ್ವಾಮಿ, ಇಲ್ಲಿ ಬೋಳಾಗಿದೆ. ಮಳೆ ಬಂದರೆ ಜಾರುತ್ತದೆ," ಎಂದನು.

ಗಾಡಿಯಿಂದ ಉಳಿ ಸುತ್ತಿಗೆ ತಂದು ನೀರಿಗಿಳಿದನು. ತಂದೆಯ ಎಳೆಗಳು ತುಂಡಾದಲ್ಲಿಂದ ಹಿಡಿದು ಸಂಜೆಯವರೆಗೆ ಹೆಣಿಗೆಯನ್ನು ಮುಂದುವರಿಸಿದನು. ಮುಗಿದ ಮೇಲೆ ತಾನೇ ಅದರ ಮೇಲೆ ಹತ್ತಿ ನಿಂತು ನೋಡಿದನು.